ಹೇಳಿದ್ದು ಒಂದು, ಬರೆದದ್ದು ಇನ್ನೊಂದು



ಬಹಳ ದಿನಗಳಿಂದ ಇಲ್ಲಿ ಏನನ್ನೂ ಬರೆದಿರಲಿಲ್ಲ. ನಿಮ್ಮಲ್ಲಿ ಕೆಲವರು ಫೋನ್ ಮಾಡಿ, "ಸರ್, ಆರಾಮ ಅದೀರಿಲ್ಲೋ?" ಎಂದು ವಿಚಾರಿಸಿದಿರಿ. ಆರಾಮವಾಗಿಯೇ ಇದ್ದೇನೆ. ಆದರೆ 35 ವರ್ಷ ಸೀಮೆಸುಣ್ಣ ಹಿಡಿದ ಬಲಗೈಯ ಬೆರಳುಗಳು ಈಗ ಮೊದಲಿನಂತೆ ಮಾತು ಕೇಳುವುದಿಲ್ಲ. ಅರ್ಧ ಪುಟ ಬರೆಯುವಷ್ಟರಲ್ಲಿ ನಡುಗಲು ಆರಂಭಿಸುತ್ತವೆ. ಕಂಪ್ಯೂಟರಿನ ಕೀಲಿಗಳನ್ನು ಒತ್ತುವುದೂ ಕಷ್ಟವಾಗಿದೆ. ಇದನ್ನು ಕೇಳಿದ ನನ್ನ ಶಿಷ್ಯನೊಬ್ಬ, ಬೈಲಹೊಂಗಲದಲ್ಲಿ ಮೊಬೈಲ್ ಅಂಗಡಿ ಇಟ್ಟವನು, ಒಂದು ಸಂಜೆ ಮನೆಗೇ ಬಂದು ನನ್ನ ಫೋನಿನಲ್ಲಿ ಏನೇನೋ ಒತ್ತಿ, "ಸರ್ರ, ಇನ್ನ ನೀವು ಬರೀಬ್ಯಾಡ್ರಿ. ಸುಮ್ಮ ಮಾತಾಡ್ರಿ, ಅದ ಬರಕೋತೈತಿ" ಎಂದ.

ತರಗತಿಯಲ್ಲಿ ಉಕ್ತಲೇಖನ ಹೇಳುವ ಧ್ವನಿಯಲ್ಲಿ, "ಮಲಪ್ರಭಾ ನದಿಯು ಸವದತ್ತಿ ಮತ್ತು ರಾಮದುರ್ಗ ತಾಲೂಕುಗಳ ಮೂಲಕ ಹರಿಯುತ್ತದೆ" ಎಂದು ಹೇಳಿದೆ. ಒಂದು ಅಕ್ಷರವೂ ತಪ್ಪದೆ ತೆರೆಯ ಮೇಲೆ ಮೂಡಿತು. ನನ್ನ ಎಷ್ಟೋ ವಿದ್ಯಾರ್ಥಿಗಳಿಗಿಂತ ಈ ಯಂತ್ರದ ಕಾಗುಣಿತ ಶುದ್ಧವಾಗಿದೆಯಲ್ಲ ಎಂದು ಸಂತೋಷವಾಯಿತು. ಮರುದಿನ ಹೊರಗೆ ಹೊರಡುವಾಗ, ಮೈಕಿನ ಗುರುತು ಉರಿಯುತ್ತಿದ್ದುದನ್ನು ಗಮನಿಸದೆ ಹೆಂಡತಿಗೆ, "ನಾ ಹೊಂಟೇನಿ, ಸಂಜಿಕ ಬರ್ತೇನಿ" ಎಂದೆ. ಆಮೇಲೆ ಫೋನ್ ನೋಡಿದರೆ, "ನಾ ಒಂಟೆ ನೀ ಸಂಜೀವ ಬರ್ತಾನೆ" ಎಂದಿತ್ತು. ಅದನ್ನು ಓದಿ ಹೇಳಿದಾಗ ನನ್ನಾಕೆ, "ಒಂಟಿ ಅಂದದ್ದು ಇರಲಿ, ಈ ಸಂಜೀವ ಯಾರ್ರೀ?" ಎಂದಳು.

ಮತ್ತೊಬ್ಬ ಶಿಷ್ಯನ ಅನುಭವ ಇದಕ್ಕಿಂತ ಸ್ವಾರಸ್ಯಕರ. ಆತ ಕಿತ್ತೂರ ಕಡೆಯ ರೈತ. ಮಗನ ಸೋದರಮಾವನಿಗೆ ಸಂದೇಶ ಕಳಿಸಲು, "ಹುಡುಗ ಸಾಲಿಗೆ ಹೋಗ್ಯಾನ, ಸಂಜಿಮುಂದ ಮಾತಾಡತಾನ" ಎಂದು ಫೋನಿಗೆ ಹೇಳಿದ್ದಾನೆ. ಫೋನು "ಹುಡುಗ ಸಾಲಕ್ಕೆ ಹೋಗಿದ್ದಾನೆ" ಎಂದು ಬರೆದು ಕಳಿಸಿದೆ. ಮಾವ ಗಾಬರಿಯಿಂದ ಕರೆ ಮಾಡಿ, "ರೊಕ್ಕದ ಅಡಚಣಿ ಇದ್ರ ನನಗ ಹೇಳಬಾರದೇನು?" ಎಂದು ಬೈದನಂತೆ.

ಇವುಗಳನ್ನು ನಗುತ್ತ ಹೇಳಿಕೊಳ್ಳಬಹುದು. ಆದರೆ ಕಳೆದ ಚಳಿಗಾಲದಲ್ಲಿ ನಡೆದ ಒಂದು ಘಟನೆಯನ್ನು ಹಾಗೆ ಹೇಳಲಾರೆ. ಅದಕ್ಕಾಗಿಯೇ ಈ ಲೇಖನ.

ನನ್ನ ಅಕ್ಕ ಸವದತ್ತಿ ಹತ್ತಿರದ ಒಂದು ಹಳ್ಳಿಯಲ್ಲಿದ್ದಾಳೆ. ಮೂರನೆಯ ಇಯತ್ತೆಯವರೆಗೆ ಓದಿದವಳು. ಈಗ ಕಣ್ಣೂ ಮಂದವಾಗಿವೆ. ಅವಳು ಸಾಕಿ ಬೆಳೆಸಿದ ಮೊಮ್ಮಗ ಜರ್ಮನಿಯಲ್ಲಿ ಕೆಲಸದಲ್ಲಿದ್ದಾನೆ. ಧ್ವನಿಯನ್ನೇ ಮುದ್ರಿಸಿ ಕಳಿಸಬಹುದಲ್ಲ ಎಂದು ನೀವು ಕೇಳಬಹುದು. ಹಾಗೆಯೇ ಕಳಿಸುತ್ತಿದ್ದೆವು. ಆದರೆ ಅವನೇ, "ಕೆಲಸದಾಗ ಕೇಳಾಕ ಆಗಂಗಿಲ್ಲ ಅಜ್ಜಾ, ಬರದ ಕಳಸ್ರಿ, ಮತ್ತ ಮತ್ತ ಓದತೇನಿ" ಎಂದಿದ್ದ. ಆದ್ದರಿಂದ ಅಕ್ಕನ ಮನೆಗೆ ಹೋದಾಗ ಫೋನನ್ನು ಅವಳ ಬಾಯಿಯ ಹತ್ತಿರ ಹಿಡಿದು, "ಹೇಳಕ್ಕಾ" ಎಂದೆ. ಅವಳು ಹೇಳಿದ್ದು ಇಷ್ಟು:

"ಯಪ್ಪಾ, ನಾ ಆರಾಮ ಅದೇನಿ. ನೀ ಹ್ಯಾಂಗದಿ? ಅಲ್ಲಿ ಥಂಡಿ ಭಾಳ ಅಂತ, ಕಿವಿ ಮುಚಗೊಂಡ ಅಡ್ಡಾಡ. ನಿನ್ನ ಮಾರಿ ನೋಡಿ ಎರಡ ವರ್ಷ ಆತು. ರೊಟ್ಟಿ ಬಡಿಯುವಾಗೊಮ್ಮೆ ನೆನಪಾಗತೈತಿ. ಬಾ ಅನ್ನಂಗಿಲ್ಲ ನಾ. ಬಂದ್ರ ಬ್ಯಾಡ ಅನ್ನಂಗಿಲ್ಲ."

ಫೋನು ಬರೆದುಕೊಂಡದ್ದರಲ್ಲಿ "ಅದೇನಿ" ಎಂಬುದು "ಅದೇನು" ಆಗಿತ್ತು. "ಥಂಡಿ" ಎಂಬುದು "ತಂಡ" ಆಗಿತ್ತು. ಕೊನೆಯ ಎರಡು ವಾಕ್ಯಗಳು ಸೇರಿ ಅರ್ಥವಿಲ್ಲದ ಒಂದೇ ಸಾಲಾಗಿದ್ದವು. ನಾನು ಕನ್ನಡ ಮಾಸ್ತರ. ಇಂಥದನ್ನು ನೋಡಿದರೆ ಕೈ ಸುಮ್ಮನಿರುವುದಿಲ್ಲ. ತಿದ್ದಲು ಕುಳಿತೆ. "ಮಾರಿ" ಎಂಬುದನ್ನು "ಮುಖ" ಮಾಡಿದೆ. ಉಳಿದದ್ದನ್ನೂ ಒಪ್ಪ ಮಾಡಿದೆ. ಕಡೆಗೆ ಹೋದ ಸಂದೇಶ ಇದು: "ಪ್ರಿಯ ಮೊಮ್ಮಗನೇ, ನಾನು ಕ್ಷೇಮವಾಗಿದ್ದೇನೆ. ನಿನ್ನ ಕ್ಷೇಮಸಮಾಚಾರ ತಿಳಿಸು. ಅಲ್ಲಿ ಚಳಿ ಹೆಚ್ಚೆಂದು ಕೇಳಿದೆ, ಆರೋಗ್ಯದ ಕಡೆಗೆ ಗಮನವಿರಲಿ. ನಿನ್ನ ಮುಖ ನೋಡಿ ಎರಡು ವರ್ಷಗಳಾದವು. ಅನುಕೂಲವಾದಾಗ ಬಂದು ಹೋಗು."

ಅರ್ಧ ತಾಸಿನಲ್ಲಿ ಜರ್ಮನಿಯಿಂದ ಕರೆ ಬಂತು. ಹುಡುಗನ ಧ್ವನಿ ನಡುಗುತ್ತಿತ್ತು. "ಮಾಸ್ತರ ಅಜ್ಜಾ, ಖರೇ ಹೇಳ್ರಿ, ಆಯಿಗೆ ಏನರೆ ಆಗೇತೇನು? ದವಾಖಾನ್ಯಾಗ ಇಟ್ಟೀರೇನು?" ಯಾಕೆಂದು ಕೇಳಿದೆ. "ಆಯಿ ಹಿಂಗ ಮಾತಾಡಾಕಿ ಅಲ್ಲ" ಎಂದ. ಅಕ್ಕನ ಕೈಗೆ ಫೋನ್ ಕೊಟ್ಟು ಅವಳ ಧ್ವನಿ ಕೇಳಿಸಿದ ಮೇಲೆಯೇ ಅವನು ಸಮಾಧಾನಗೊಂಡದ್ದು.

ಆ ರಾತ್ರಿ ನನಗೆ ನಿದ್ರೆ ಬರಲಿಲ್ಲ. ಇದೇ ಮಾತನ್ನು ಇನ್ನೊಬ್ಬರ ಬಾಯಿಂದ ನಾನು ಹಿಂದೊಮ್ಮೆ ಕೇಳಿದ್ದೆ.

ಅದು 1971. ಆಗಿನ್ನೂ ನಮ್ಮದು ಮೈಸೂರು ರಾಜ್ಯ. ರಾಮದುರ್ಗ ತಾಲೂಕಿನ ನಮ್ಮ ಹಳ್ಳಿಯಲ್ಲಿ ನಾನು ಆರನೆಯ ಇಯತ್ತೆಯ ಹುಡುಗ. ಅಕ್ಷರ ದುಂಡಗಿವೆಯೆಂಬ ಕಾರಣಕ್ಕೆ ಓಣಿಯ ಹೆಂಗಸರೆಲ್ಲ ಪತ್ರ ಬರೆಸಲು ನನ್ನನ್ನೇ ಕರೆಯುತ್ತಿದ್ದರು. ಪತ್ರ ಬರೆದರೆ ಒಂದು ಹಿಡಿ ಶೇಂಗಾ, ಒಂದು ತುಂಡು ಬೆಲ್ಲ ಸಿಗುತ್ತಿತ್ತು. ಮೂಲಿಮನಿ ದೊಡ್ಡವ್ವ ಎಂದು ನಾವು ಕರೆಯುತ್ತಿದ್ದ ಒಬ್ಬ ತಾಯಿಯ ಮಗ ಮಿಲಿಟರಿಯಲ್ಲಿದ್ದ. ನಮ್ಮ ಭಾಗದ ಅನೇಕ ಹುಡುಗರಂತೆ ಬೆಳಗಾವಿಗೆ ಹೋಗಿ ಮರಾಠಾ ಲಘು ಪದಾತಿ ದಳ ಸೇರಿದವನು. ಆ ವರ್ಷದ ಡಿಸೆಂಬರಿನಲ್ಲಿ ಯುದ್ಧವಾದದ್ದು ನಿಮಗೆ ಗೊತ್ತು. ಅದಕ್ಕೆ ಕೆಲವು ವಾರಗಳ ಮುಂಚೆ ದೊಡ್ಡವ್ವ ನನ್ನಿಂದ ಒಂದು ಪತ್ರ ಬರೆಸಿದಳು. ವಿಳಾಸದಲ್ಲಿ ಊರಿನ ಹೆಸರಿರಲಿಲ್ಲ, 56 ಎ.ಪಿ.ಓ. ಎಂದು ಇದ್ದುದು ನೆನಪಿದೆ.

ಅವಳು ಹೇಳಿದ್ದು: "ನಿಮ್ಮಪ್ಪ ಕೆರಿಕಡಿ ಹೊಲಾ ಒತ್ತಿ ಹಾಕ್ಯಾನ. ನೀ ಏನ ಮನಸಿಗೆ ಹಚಗೋಬ್ಯಾಡ. ಹೊಲಾ ಎದ್ದ ಎಲ್ಲಿ ಹೊಕ್ಕೈತಿ, ಇಲ್ಲೇ ಬಿದ್ದಿರತೈತಿ."

ನಮ್ಮ ಪಠ್ಯಪುಸ್ತಕದಲ್ಲಿ ಪತ್ರಲೇಖನದ ಪಾಠ ಆಗತಾನೆ ಮುಗಿದಿತ್ತು. ಒಕ್ಕಣೆ, ಒಡಲು, ಮುಕ್ತಾಯ ಎಲ್ಲವೂ ನನಗೆ ಬಾಯಿಪಾಠವಾಗಿದ್ದವು. "ಕೆರೆಯ ಸಮೀಪದ ಜಮೀನನ್ನು ಒತ್ತೆ ಇಡಲಾಗಿದೆ. ಚಿಂತಿಸಬಾರದು" ಎಂದು ಬರೆದೆ. ಹೊಲ ಎದ್ದು ಎಲ್ಲಿಗೂ ಹೋಗುವುದಿಲ್ಲವೆಂಬ ಮಾತು ಪತ್ರಕ್ಕೆ ಅನಾವಶ್ಯಕ ಎನ್ನಿಸಿ ಬಿಟ್ಟುಬಿಟ್ಟೆ. ಬರೆದದ್ದನ್ನು ಓದಿ ತೋರಿಸಿದಾಗ ದೊಡ್ಡವ್ವ, "ಭಾಳ ಚಲೋ ಬರದೀಯಪಾ, ಪುಸ್ತಕದಾಗಿದ್ದಂಗ ಐತಿ" ಎಂದು ಎರಡು ಹಿಡಿ ಶೇಂಗಾ ಕೊಟ್ಟಳು.

ಮುಂದಿನ ಬೇಸಿಗೆಯಲ್ಲಿ ಆತ ರಜೆಯ ಮೇಲೆ ಊರಿಗೆ ಬಂದ. ಕಟ್ಟೆಯ ಮೇಲೆ ನನ್ನನ್ನು ಕರೆದು ಕೂಡಿಸಿಕೊಂಡ. ಸಿಟ್ಟಾಗಲಿಲ್ಲ. ಪತ್ರ ತಲುಪಿದ ದಿನ, ಮನೆಯಲ್ಲಿ ಏನೋ ದೊಡ್ಡ ಅನಾಹುತವಾಗಿದೆ, ಸರಕಾರಿ ನೋಟೀಸಿನಂತೆ ಬರೆಸಿ ಕಳಿಸಿದ್ದಾರೆ ಎಂದುಕೊಂಡನಂತೆ. ಜೊತೆಯವರಲ್ಲಿ ಸಾಲ ಎತ್ತಿ ಮನಿಆರ್ಡರ್ ಮಾಡಿದ್ದ. ಆ ಸಾಲ ತೀರಿಸುವುದು ಇನ್ನೂ ಮುಗಿದಿರಲಿಲ್ಲ. "ತಮ್ಮಾ, ನಿನ್ನ ಅಕ್ಷರ ಚಲೋ ಅದಾವ. ಖರೇ ಪತ್ರದಾಗ ನಮ್ಮವ್ವ ಇದ್ದಿದ್ದಿಲ್ಲ. ಆಕಿ ಮಾತ ಇದ್ದಿದ್ರ ನಾ ಅಷ್ಟ ಹೆದರತಿದ್ದಿದ್ದಿಲ್ಲ" ಎಂದ. ನಂತರ ಟ್ರಂಕಿನಿಂದ ಹಳೆಯದೊಂದು ಪತ್ರ ತೆಗೆದು ತೋರಿಸಿದ. ನನಗಿಂತ ಮೊದಲು ಊರಿನ ಸಿಂಪಿಗರೊಬ್ಬರು ಬರೆದುಕೊಟ್ಟದ್ದು. ಒತ್ತಕ್ಷರಗಳೇ ಇಲ್ಲ, ಸಾಲಿಗೆ ನಾಲ್ಕು ತಪ್ಪು. ಆದರೆ ಓದಿದರೆ ದೊಡ್ಡವ್ವ ಎದುರಿಗೆ ಕುಳಿತು ಮಾತನಾಡಿದಂತಿತ್ತು.

ಹನ್ನೊಂದು ವರ್ಷದ ಹುಡುಗನಿಗೆ ಆ ಮಾತು ಎಷ್ಟು ತಿಳಿಯಬೇಕೋ ಅಷ್ಟೇ ತಿಳಿಯಿತು. ಧಾರವಾಡದಲ್ಲಿ ಬಿ.ಎಡ್. ಮುಗಿಸಿ 1985ರಲ್ಲಿ ಕೆಲಸಕ್ಕೆ ಸೇರಿದ ಮೇಲೆ ಅದು ಪೂರ್ತಿ ಮರೆತುಹೋಯಿತು. ಕಿತ್ತೂರು, ಸವದತ್ತಿ, ಬೈಲಹೊಂಗಲ ಭಾಗದ ಶಾಲೆಗಳಲ್ಲಿ 2020ರಲ್ಲಿ ನಿವೃತ್ತನಾಗುವವರೆಗೆ ನಾನು ಎಷ್ಟು ಬಾಟಲಿ ಕೆಂಪು ಮಸಿ ಖರ್ಚು ಮಾಡಿರಬಹುದು ಎಂಬುದನ್ನು ನಿಮ್ಮ ನೋಟುಪುಸ್ತಕಗಳೇ ಹೇಳಬೇಕು. "ಐತಿ" ಕಂಡರೆ "ಇದೆ"; "ಹೋಗ್ಯಾನ" ಕಂಡರೆ "ಹೋಗಿದ್ದಾನೆ"; "ಬ್ಯಾಡ" ಕಂಡರೆ "ಬೇಡ". ಯಲ್ಲಮ್ಮನಗುಡ್ಡದ ಭಾರತ ಹುಣ್ಣಿಮೆಯ ಜಾತ್ರೆಯ ಮೇಲೆ ಪ್ರಬಂಧ ಬರೆದಿದ್ದ ಒಬ್ಬ ಹುಡುಗಿ, ತನ್ನ ಅವ್ವ ಚಕ್ಕಡಿಯಲ್ಲಿ ಆಡಿದ ಮಾತನ್ನು ಉದ್ಧರಣ ಚಿಹ್ನೆಯೊಳಗೆ ಸರಿಯಾಗಿಯೇ ಇಟ್ಟಿದ್ದಳು. ನಾನು ಉದ್ಧರಣ ಚಿಹ್ನೆಯ ಒಳಗೂ ಕೆಂಪು ಮಸಿ ಹಾಕಿದ್ದೆ. ಆ ತಾಯಿ ಆಡಿದ ಮಾತನ್ನು ತಿದ್ದಲು ನಾನು ಯಾರು?

ಹೀಗಾಗಿ ಫೋನನ್ನು ಬೈಯುವ ಮೊದಲು ಅದು ಏಕೆ ಹೀಗೆ ಮಾಡುತ್ತದೆ ಎಂದು ತಿಳಿಯಬೇಕೆನ್ನಿಸಿತು. ಬೆಂಗಳೂರಿನಲ್ಲಿ ಇದೇ ಕ್ಷೇತ್ರದಲ್ಲಿರುವ ಶಿಷ್ಯನೊಬ್ಬನನ್ನು ಕೇಳಿದೆ. ಗುರುವಿಗೆ ಪಾಠ ಹೇಳುವ ಅವಕಾಶ ಸಿಕ್ಕಿತೆಂದು ಆತ ತಾಸುಗಟ್ಟಲೆ ವಿವರಿಸಿದ. ನನಗೆ ತಿಳಿದಷ್ಟನ್ನು ಹೇಳುತ್ತೇನೆ.

ಗೂಗಲ್ ಸಂಸ್ಥೆ 2017ರ ಆಗಸ್ಟ್‌ನಲ್ಲಿ ಕನ್ನಡವೂ ಸೇರಿದಂತೆ 8 ಭಾರತೀಯ ಭಾಷೆಗಳಿಗೆ ಮಾತಿನಿಂದ ಬರೆಯುವ ಸೌಲಭ್ಯವನ್ನು ನೀಡಿತು. ಇಂದು ಇಂಥ ಸೌಲಭ್ಯಗಳು ಹಲವಾರಿವೆ. ಎಲ್ಲವುಗಳ ಕೆಲಸವೂ ಸ್ಥೂಲವಾಗಿ ಒಂದೇ. ಧ್ವನಿಯನ್ನು ಕೇಳಿ ಯಾವ ಅಕ್ಷರಗಳಿರಬಹುದು ಎಂದು ಊಹಿಸುವುದು ಒಂದು ಭಾಗ. ಹಾಗೆ ಊಹಿಸಿದ ಹಲವು ಸಾಧ್ಯತೆಗಳಲ್ಲಿ ಯಾವುದು ಭಾಷೆಯಲ್ಲಿ ಹೆಚ್ಚಾಗಿ ಬರುವ ಪದ ಎಂದು ತೂಗಿ ನೋಡುವುದು ಇನ್ನೊಂದು ಭಾಗ. ಆ ತಕ್ಕಡಿಗೆ ಹಾಕಿದ ಕನ್ನಡ ಬಹುಮಟ್ಟಿಗೆ ಬರಹದ ಕನ್ನಡ: ವರ್ತಮಾನಪತ್ರಿಕೆ, ಪುಸ್ತಕ, ಸರಕಾರಿ ಪ್ರಕಟಣೆ. ಅದರಲ್ಲಿ "ಒಂಟೆ" ಸಾವಿರ ಸಲ ಬಂದಿರಬಹುದು, "ಹೊಂಟೇನಿ" ಬಂದಿರುವುದು ಅಪರೂಪ. ಆದ್ದರಿಂದ ಯಂತ್ರ ಒಂಟೆಯನ್ನು ಆರಿಸುತ್ತದೆ. ಈಚಿನ ಯಂತ್ರಗಳು ಈ ಎರಡೂ ಭಾಗಗಳನ್ನು ಒಂದರಲ್ಲೇ ಕಲಿಯುತ್ತವೆಯಂತೆ. ಜನರ ಮಾತನ್ನು ಕೇಳಿ ಯಾರೋ ಬರೆದಿಟ್ಟ ಪ್ರತಿಯೇ ಅವುಗಳಿಗೆ ಪಾಠ. ಬರೆಯುವಾತ "ಹೋಗ್ಯಾನ" ಎಂದು ಕೇಳಿ "ಹೋಗಿದ್ದಾನೆ" ಎಂದು ಬರೆದಿದ್ದರೆ ಯಂತ್ರವೂ ಅದನ್ನೇ ಕಲಿಯುತ್ತದೆ.

ನಾನು ಅವನ ಮಾತನ್ನು ಅಲ್ಲಿಗೇ ನಿಲ್ಲಿಸಿ, "ಅಂದರ ಅದನ್ನ ತಯಾರ ಮಾಡಿದವರು ನಮ್ಮಂಥ ಮಾಸ್ತರ್ರ ಅಂಧಂಗಾತು" ಎಂದೆ. ಆತ ನಕ್ಕ. ನನಗೆ ನಗು ಬರಲಿಲ್ಲ.

ಇದು ಕನ್ನಡಕ್ಕೆ ಮಾತ್ರ ಬಂದ ಕಷ್ಟವೆಂದು ತಿಳಿಯಬೇಡಿ. ಇಂಗ್ಲಿಷ್ ಆಡುವವರಲ್ಲಿಯೂ ಇದೇ ಪ್ರಶ್ನೆಯಿದೆ. ಬಾಯಲ್ಲಿ "ಗೊನ್ನಾ" ಎಂದವನಿಗೆ ಯಂತ್ರ "ಗೋಯಿಂಗ್ ಟು" ಎಂದು ಬರೆದುಕೊಡಬೇಕೋ, ಅಂದದ್ದನ್ನೇ ಬರೆಯಬೇಕೋ? ಮಾತಿನ ನಡುವೆ ಬರುವ ಎಳೆತ, ತಡವರಿಕೆಗಳನ್ನು ಉಳಿಸಬೇಕೋ, ತೆಗೆಯಬೇಕೋ? ಆದರೆ ಅವರಿಗೊಂದು ಅನುಕೂಲವಿದೆ. "ಗೊನ್ನಾ" ಎಂಬ ರೂಪಕ್ಕೂ ಅವರ ನಿಘಂಟುಗಳಲ್ಲಿ ಜಾಗ ಸಿಕ್ಕಿದೆ, ಒಂದು ನಿಶ್ಚಿತ ಕಾಗುಣಿತವಿದೆ. ನಮ್ಮಲ್ಲಿ "ಮಾಡುತ್ತಿದ್ದೇನೆ" ಎಂಬುದಕ್ಕೆ ಒಬ್ಬರು "ಮಾಡಾಕತ್ತೇನಿ" ಎಂದರೆ ಇನ್ನೊಬ್ಬರು "ಮಾಡಲಿಕತ್ತೀನಿ" ಎನ್ನುತ್ತಾರೆ, ಮತ್ತೊಬ್ಬರು "ಮಾಡಾತೇನಿ" ಎನ್ನುತ್ತಾರೆ. ಆಡುವುದೂ ಬೇರೆ, ಬರೆಯುವುದೂ ಬೇರೆ. ಯಂತ್ರ ತಾನೇ ಏನು ಮಾಡೀತು?

ಆದರೆ ನಮ್ಮ ಮಾತು ಬರೆಯಲಿಕ್ಕೇ ಬಾರದ್ದು ಎನ್ನುವುದು ಸುಳ್ಳು. ಫರ್ಡಿನಾಂಡ್ ಕಿಟೆಲ್ ಅವರ ಕನ್ನಡ-ಇಂಗ್ಲಿಷ್ ನಿಘಂಟು ಮಂಗಳೂರಿನಲ್ಲಿ ಅಚ್ಚಾದದ್ದು 1894ರಲ್ಲಿ. ಬ್ರಿಟಿಷರು ಬೆಳಗಾವಿ-ಧಾರವಾಡ ಸೀಮೆಯನ್ನು ಆಗ ದಕ್ಷಿಣ ಮರಾಠಾ ಪ್ರಾಂತ ಎಂದು ಕರೆಯುತ್ತಿದ್ದರು. ಆ ನಿಘಂಟಿನಲ್ಲಿ ನಮ್ಮ ಕಡೆಯ ಮಾತುಗಳಿಗೆ ಆ ಹೆಸರಿನ ಸಂಕ್ಷಿಪ್ತ ಗುರುತು ಹಾಕಿ ಸೇರಿಸಿದ್ದಾರೆ. ದೂರದ ಜರ್ಮನಿಯಿಂದ ಬಂದ ಪಾದ್ರಿ ನಮ್ಮ ಮಾತನ್ನು ತಪ್ಪೆನ್ನದೆ, ಇದು ಇಂಥ ಸೀಮೆಯ ಮಾತು ಎಂದು ಬರೆದಿಟ್ಟರು. ನಂತರ ಬೇಂದ್ರೆಯವರು ಧಾರವಾಡದ ಮನೆಮಾತಿನಲ್ಲಿ ಕಾವ್ಯವನ್ನೇ ಕಟ್ಟಿದರು. ನಮ್ಮದೇ ಜಿಲ್ಲೆಯ ಘೋಡಗೇರಿಯವರಾದ ಚಂದ್ರಶೇಖರ ಕಂಬಾರರು 1972ರ 'ಜೋಕುಮಾರಸ್ವಾಮಿ' ನಾಟಕವನ್ನು ಊರಿನವರ ಬಾಯಿಯ ಮಾತಿನಲ್ಲೇ ಬರೆದರು. ಇಬ್ಬರಿಗೂ ಜ್ಞಾನಪೀಠ ಬಂದಿದೆ. ಇವರನ್ನು ತರಗತಿಯಲ್ಲಿ ಹೊಗಳಿ ಪಾಠ ಮಾಡಿ, ಅದೇ ತಾಸಿನ ಕೊನೆಗೆ ನಿಮ್ಮ ಪುಸ್ತಕಗಳಲ್ಲಿ "ಐತಿ"ಯನ್ನು ಹೊಡೆದುಹಾಕುತ್ತಿದ್ದವನು ನಾನೇ.

ಹಾಗಾದರೆ ಶುದ್ಧ ಕನ್ನಡ ಬೇಡವೇ ಎಂದು ಕೇಳುವಿರಿ. ಬೇಕು, ಅವಶ್ಯವಾಗಿ ಬೇಕು. ತಹಶೀಲ್ದಾರರಿಗೆ ಅರ್ಜಿ ಕೊಡುವ ರೈತ ತನ್ನ ಮಾತು ಅರ್ಜಿಯ ಭಾಷೆಗೆ ತಿರುಗಲಿ ಎಂದೇ ಬಯಸುತ್ತಾನೆ. ಅದಕ್ಕಾಗಿಯೇ ಹಿಂದೆ ಕಚೇರಿಗಳ ಮುಂದಿನ ಅರ್ಜಿ ಬರೆಯುವವರಿಗೆ ದುಡ್ಡು ಕೊಡುತ್ತಿದ್ದೆವು. ಬೀದರಿನವರೂ ಮಂಗಳೂರಿನವರೂ ಚಾಮರಾಜನಗರದವರೂ ಒಬ್ಬರನ್ನೊಬ್ಬರು ಓದಬೇಕಾದರೆ ಎಲ್ಲರಿಗೂ ಸಮಾನವಾದ ಒಂದು ಬರಹದ ಭಾಷೆ ಇರಲೇಬೇಕು. ನಿಮಗೆ ಅದನ್ನು ಕಲಿಸಿದ್ದಕ್ಕೆ ನನಗೆ ಪಶ್ಚಾತ್ತಾಪವಿಲ್ಲ. ಆದರೆ ಕೇಳಿ ಬರೆದುಕೊಳ್ಳುವುದು ಒಂದು ಕೆಲಸ, ತಿದ್ದುವುದು ಇನ್ನೊಂದು ಕೆಲಸ. ಮೊದಲನೆಯದನ್ನು ಮಾಡದೆ ಎರಡನೆಯದಕ್ಕೆ ಕೈ ಹಾಕಬಾರದು. ಮಾತಾಡಿದವರು ಕೇಳದೆ ಅದನ್ನು ಮಾಡಲೂಬಾರದು. ನಾನು ದೊಡ್ಡವ್ವನ ಪತ್ರದಲ್ಲಿ ತಪ್ಪಿದ್ದು ಇದನ್ನೇ, ಅಕ್ಕನ ಸಂದೇಶದಲ್ಲಿ ತಪ್ಪಿದ್ದೂ ಇದನ್ನೇ.

ಈ ಭೇದವನ್ನು ನ್ಯಾಯಾಲಯಗಳು ಬಹಳ ಹಿಂದೆಯೇ ಗುರುತಿಸಿವೆ ಎಂದು ವಕೀಲನಾಗಿರುವ ಒಬ್ಬ ಶಿಷ್ಯ ಹೇಳಿದ. ಸಾಯುತ್ತಿರುವವರು ಕೊಡುವ ಮರಣಕಾಲದ ಹೇಳಿಕೆಯನ್ನು ಆದಷ್ಟು ಮಟ್ಟಿಗೆ ಹೇಳಿದವರ ಮಾತುಗಳಲ್ಲೇ ದಾಖಲಿಸಬೇಕೆಂದು ಖುಶಾಲರಾವ್ ವಿರುದ್ಧ ಮುಂಬಯಿ ರಾಜ್ಯ ಎಂಬ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ 1957ರಲ್ಲೇ ಹೇಳಿದೆ. ಕಾರಣ ಸ್ಪಷ್ಟವಾಗಿದೆ. "ದೂಡಿದ್ರು" ಎಂಬುದೂ "ಹೊಡೆದರು" ಎಂಬುದೂ ಒಂದಲ್ಲ. "ಬಿದ್ದೆ" ಎಂಬುದೂ "ಕೆಡವಿದ್ರು" ಎಂಬುದೂ ಒಂದಲ್ಲ. ಬರೆದುಕೊಳ್ಳುವವನು ತನಗೆ ಸರಿಕಂಡ ಪದ ಹಾಕಿದರೆ ಒಬ್ಬನ ಜೀವದ ಪ್ರಶ್ನೆಯಾಗುತ್ತದೆ. ಸಾಯುವವರ ಮಾತಿಗೆ ಸಲ್ಲುವ ಈ ಗೌರವ ಬದುಕಿರುವವರ ಮಾತಿಗೂ ಸಲ್ಲಬಾರದೇಕೆ?

ಅಕ್ಕನ ಕೊನೆಯ ಎರಡು ವಾಕ್ಯಗಳನ್ನು ಮತ್ತೆ ನೋಡಿ. "ಬಾ ಅನ್ನಂಗಿಲ್ಲ ನಾ. ಬಂದ್ರ ಬ್ಯಾಡ ಅನ್ನಂಗಿಲ್ಲ." ಇದರಲ್ಲಿ ಹಂಬಲವಿದೆ, ಹಟವಿದೆ, ಹುಡುಗನ ಕೆಲಸಕ್ಕೆ ತೊಂದರೆಯಾಗದಿರಲಿ ಎಂಬ ಕಾಳಜಿಯೂ ಇದೆ. ನಾನು ಇದನ್ನು "ಅನುಕೂಲವಾದಾಗ ಬಂದು ಹೋಗು" ಎಂದು ಮಾಡಿದ್ದೆ. ವ್ಯಾಕರಣ ಸರಿಯಾಗಿತ್ತು, ಕಾಗುಣಿತ ಸರಿಯಾಗಿತ್ತು. ಅಕ್ಕ ಹೇಳಿದ್ದೇ ಅದರಲ್ಲಿರಲಿಲ್ಲ.

ಆದ್ದರಿಂದ ಈ ಯಂತ್ರಗಳನ್ನು ತಯಾರಿಸುವ ಶಿಷ್ಯರಲ್ಲಿ ನನ್ನ ಬೇಡಿಕೆ ಸರಳವಾಗಿದೆ. ಮೊದಲು ಅಂದದ್ದನ್ನು ಅಂದಂತೆಯೇ ಬರೆಯಲಿ. "ಗ್ರಾಂಥಿಕಕ್ಕೆ ತಿರುಗಿಸಲೇ?" ಎಂದು ಕೇಳುವ ಗುಂಡಿ ಬೇರೆ ಇರಲಿ, ತಿರುಗಿಸಿದ ಮೇಲೂ ಮೂಲ ಅಳಿಸಿಹೋಗದಿರಲಿ. ಸರಿಯಾಗಿ ಕೇಳಿಸದಿದ್ದಲ್ಲಿ ಒಂಟೆಯನ್ನು ತಂದು ಕಟ್ಟುವ ಬದಲು, ಇಲ್ಲಿ ತಿಳಿಯಲಿಲ್ಲ ಎಂದು ಅಡಿಗೆರೆ ಎಳೆದು ತೋರಿಸಲಿ. ತರಗತಿಯಲ್ಲಿ ತಿಳಿಯದ್ದನ್ನು ತಿಳಿಯಲಿಲ್ಲವೆಂದು ಕೈ ಎತ್ತಿ ಹೇಳುವ ಹುಡುಗನೇ ಮುಂದೆ ಜಾಣನಾಗುತ್ತಿದ್ದ. ಇನ್ನು ಮಾತಿನ ಕೊನೆಯ "ರಿ" ಎಂಬ ಒಂದಕ್ಷರವನ್ನು ಯಂತ್ರ ಎಂದೂ ನುಂಗದಿರಲಿ. "ಬಾ" ಎಂಬುದಕ್ಕೂ "ಬರ್ರಿ" ಎಂಬುದಕ್ಕೂ ನಡುವೆ ನಮ್ಮ ಕಡೆ ಎಷ್ಟು ಜಗಳಗಳು ಹುಟ್ಟಬಲ್ಲವೆಂದು ನಿಮಗೆ ಹೇಳಬೇಕಾಗಿಲ್ಲ.

ಕೆಲಸ ನಡೆದೇ ಇಲ್ಲವೆಂದಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು 'ರೆಸ್ಪಿನ್' ಎಂಬ ಯೋಜನೆಯಲ್ಲಿ ಕನ್ನಡವೂ ಸೇರಿ 9 ಭಾಷೆಗಳಲ್ಲಿ, ಅವುಗಳ ಉಪಭಾಷೆಗಳ ಸಹಿತ, ಕೃಷಿ ಮತ್ತು ಹಣಕಾಸಿನ ವಿಷಯದ ಮಾತುಗಳನ್ನು ಸಂಗ್ರಹಿಸಿದ್ದಾರೆ. ಅದೇ ಸಂಸ್ಥೆ ಗೂಗಲ್ ಜೊತೆ ಸೇರಿ ನಡೆಸುತ್ತಿರುವ 'ವಾಣಿ' ಯೋಜನೆಯಲ್ಲಿ ದೇಶದ ಜಿಲ್ಲೆ ಜಿಲ್ಲೆಗಳ ಜನರಿಗೆ ಚಿತ್ರಗಳನ್ನು ತೋರಿಸಿ, ಕಂಡದ್ದನ್ನು ತಮ್ಮ ಮಾತಿನಲ್ಲೇ ಹೇಳಿಸುತ್ತಾರೆ. ಇದು ನನಗೆ ಬಹಳ ಹಿಡಿಸಿತು. ಅಚ್ಚಾದ ವಾಕ್ಯವನ್ನು ಕೊಟ್ಟು ಓದಿಸಿದರೆ ಎಂಥವನೂ ಪುಸ್ತಕದ ಕನ್ನಡವನ್ನೇ ಓದುತ್ತಾನೆ. ಚಿತ್ರ ತೋರಿಸಿದರೆ ಮನೆಯ ಮಾತು ತಾನಾಗಿ ಬರುತ್ತದೆ. ಕೇಂದ್ರ ಸರಕಾರದ 'ಭಾಷಿಣಿ'ಯಲ್ಲಿ ಸಾರ್ವಜನಿಕರೂ ಧ್ವನಿ ಕೊಡಬಹುದು, ಕೇಳಿದ್ದನ್ನು ಬರೆದುಕೊಡಬಹುದು. ನಿಮ್ಮ ಮನೆಗಳಲ್ಲಿ ಅವ್ವ, ಆಯಿ, ಅಜ್ಜ ಇದ್ದಾರೆ. ಅವಕಾಶ ಸಿಕ್ಕಾಗ ಅವರ ಮಾತು ಸೇರುವಂತೆ ನೋಡಿಕೊಳ್ಳಿ. ಬರೆದುಕೊಡುವ ಕೆಲಸ ನಿಮ್ಮ ಪಾಲಿಗೆ ಬಂದರೆ, ನಾನು ಕಲಿಸಿದ ಒಂದನ್ನು ಆ ಹೊತ್ತಿನ ಮಟ್ಟಿಗೆ ಮರೆತುಬಿಡಿ. "ಐತಿ" ಎಂದು ಕೇಳಿದರೆ "ಐತಿ" ಎಂದೇ ಬರೆಯಿರಿ.

ಘಟನೆ ನಡೆದ ಮರುದಿನ ನಾನು ಅಕ್ಕನನ್ನು ಮತ್ತೆ ಕೂಡಿಸಿ, "ನಿನ್ನಿ ಹೇಳಿದ್ದ ಇನ್ನೊಮ್ಮೆ ಹೇಳಕ್ಕಾ" ಎಂದೆ. ಈ ಸಲ ಮೈಕು ಒತ್ತಲಿಲ್ಲ. ನಡುಗುವ ಒಂದೇ ಬೆರಳಿನಿಂದ ಒಂದೊಂದೇ ಅಕ್ಷರ ಹುಡುಕಿ ಒತ್ತಿದೆ. ಆರು ಸಾಲಿಗೆ ಮುಕ್ಕಾಲು ತಾಸು ಹಿಡಿಯಿತು. "ಮಾರಿ" ಎಂಬುದನ್ನು ಮಾರಿ ಎಂದೇ ಬಿಟ್ಟೆ. ಕೊನೆಯ ಎರಡು ವಾಕ್ಯಗಳನ್ನು ಬರೆಯುವಾಗ ಅಕ್ಕ, "ಅದೂ ಬರದೀ? ಅದನ್ನ ಸುಮ್ಮ ಅಂದಿದ್ನೋ" ಎಂದಳು. ಬರೆದಿದ್ದೇನೆ ಎಂದೆ. ಬೇಡವೆನ್ನಲಿಲ್ಲ.

ಸಂಜೆಯ ಹೊತ್ತಿಗೆ ಹುಡುಗನಿಂದ ಮೂರೇ ಪದಗಳ ಉತ್ತರ ಬಂತು: "ಈಗ ಆಯಿ ಬಂದ್ಲು."

ಈ ಲೇಖನದ ಬಹುಭಾಗವನ್ನು ನಾನು ಹೇಳುತ್ತ ಹೋದೆ, ಫೋನು ಬರೆದುಕೊಂಡಿತು. ಗ್ರಾಂಥಿಕ ಕನ್ನಡವಾದ್ದರಿಂದ ಹೆಚ್ಚು ತೊಂದರೆ ಕೊಡಲಿಲ್ಲ. ಉದ್ಧರಣ ಚಿಹ್ನೆಗಳ ಒಳಗಿನ ಮಾತುಗಳನ್ನು ಮಾತ್ರ ನಾನೇ ಬೆರಳಿನಿಂದ ಒತ್ತಿದ್ದೇನೆ. ಅವುಗಳಲ್ಲಿ ತಪ್ಪು ಕಂಡರೆ ತಿಳಿಸಿರಿ. ನಿಮ್ಮ ಮನೆಯಲ್ಲಿ ಬೇರೆ ರೀತಿ ಆಡುತ್ತಿದ್ದರೆ ಅದನ್ನೂ ಬರೆದು ಕಳಿಸಿರಿ. ಈ ಸಲ ಕೆಂಪು ಮಸಿ ಹಾಕುವುದಿಲ್ಲ.